ಬೇವಿನೆಣ್ಣೆದು ತಪ್ಪಲ್ಲ, ಬೆರೆಸಿದ ಕೈದು ತಪ್ಪು

ಈ ಸಲದ ಬರಹ ಸ್ವಲ್ಪ ಉದ್ದ ಇದೆ, ಸ್ವಲ್ಪ ಖಾರಾನೂ ಇದೆ. ಬಿಡುವು ಮಾಡ್ಕೊಂಡು ಕೂತು ಓದಿ. ಬೈಬೇಕು ಅನ್ನಿಸಿದ್ರೆ ಕೊನೆ ತನಕ ಓದಿ ಆಮೇಲೆ ಬೈರಿ.

ಎರಡು ತಿಂಗಳಿಂದ ಎಲ್ಲಿ ಹೋದ್ರೂ ಒಂದೇ ಮಾತು ಕೇಳ್ತಾ ಇದೀನಿ. ಡೇರಿ ಹತ್ರ ಹಾಲು ಹಾಕೋವಾಗ, ಗೊಬ್ಬರದ ಅಂಗಡಿ ಮುಂದೆ, ಮೊನ್ನೆ ಒಂದು ಮದುವೆ ಊಟದ ಪಂಕ್ತಿಲೂ ಅದೇ. "ಬೇವಿನೆಣ್ಣೆ ಹೊಡೆದು ನೋಡಿದ್ವಿ ಕಣಣ್ಣ, ಬರೀ ಸುಳ್ಳು. ಹುಳ ಸಾಯ್ಲಿಲ್ಲ, ಗಿಡ ಸುಟ್ಟೋಯ್ತು." ಒಬ್ಬರಲ್ಲ, ಹತ್ತು ಜನ ಹೇಳ್ತಾರೆ. ನಾನು ಕೇಳೋದು ಇಷ್ಟೇ. ಒಂದೇ ಔಷಧಿ ಹುಳ ಕೊಲ್ಲಕ್ಕೆ ಆಗದಷ್ಟು ಸಪ್ಪೆ, ಎಲೆ ಸುಡೋವಷ್ಟು ಜೋರು, ಎರಡೂ ಒಂದೇ ಹೊಲದಲ್ಲಿ ಒಂದೇ ದಿನ ಹೇಗಾಗುತ್ತೆ? ಇದನ್ನ ಯಾರೂ ಯೋಚನೆ ಮಾಡಲ್ಲ. "ಸಾವಯವ ಎಲ್ಲಾ ಬೋಗಸ್" ಅಂತ ಹೇಳಿ ಮಾರನೇ ದಿನ ಅಂಗಡಿಗೆ ಹೋಗಿ ಕೆಂಪು ತ್ರಿಕೋನದ ಬಾಟ್ಲು ತರ್ತಾರೆ.

ಪಕ್ಕದೂರಿನ ಒಬ್ಬ ರೈತರ ಬದನೆ ಹೊಲಕ್ಕೆ ಹೋಗಿ ನೋಡ್ಕೊಂಡು ಬಂದೆ. ಇಪ್ಪತ್ತು ಗುಂಟೆ. ಹೊಡೆಯಕ್ಕೆ ಶುರು ಮಾಡಿದ ಕಡೆ ಎಲೆ ಹಸಿರಾಗೇ ಇದೆ, ಕೆಳಗೆ ತಿರುಗಿಸಿ ನೋಡಿದ್ರೆ ಬಿಳಿ ನೊಣ, ಜಿಗಿ ಹುಳ ಆರಾಮಾಗಿ ಸಂಸಾರ ಮಾಡ್ತಾ ಇವೆ. ಪ್ರತಿ ಕ್ಯಾನು ಖಾಲಿಯಾದ ಜಾಗದಲ್ಲಿ ಮಾತ್ರ ಆರೇಳು ಗಿಡ ಎಣ್ಣೆಲಿ ಕರಿದ ಹಾಗೆ ಕಂದು ಬಣ್ಣ. ಅದಾದ್ಮೇಲೆ ಮತ್ತೆ ಹಸಿರು, ಮತ್ತೆ ಹುಳ, ಮತ್ತೆ ಆರೇಳು ಗಿಡ ಸುಟ್ಟಿವೆ. ಹೊಲಾನೇ ಲೆಕ್ಕದ ಪುಸ್ತಕ ಇದ್ದ ಹಾಗೆ ಬರೆದಿಟ್ಟಿದೆ, ಓದೋರು ಬೇಕು.

ಎಣ್ಣೆ ನೀರಿನ ಮೇಲೆ ತೇಲುತ್ತೆ. ಇದು ಮಕ್ಕಳಿಗೂ ಗೊತ್ತು. ನಮ್ಮ ಪಂಪು ನೀರನ್ನ ಕ್ಯಾನಿನ ತಳದಿಂದ ಹೀರುತ್ತೆ. ಹಳೇ ಕೈಪಂಪಿನಲ್ಲಿ ಲಿವರ್ ಎತ್ತಿ ಇಳಿಸೋವಾಗ ಒಳಗೆ ಸ್ವಲ್ಪ ಅಲುಗಾಟ ಆದ್ರೂ ಇತ್ತು. ಈಗಿನ ಬ್ಯಾಟರಿ ಪಂಪಿನಲ್ಲಿ ಬೆನ್ನು ಅಲುಗಿದ್ದೇ ಅಲುಗಾಟ. 16 ಲೀಟರ್ ಕ್ಯಾನಿಗೆ ಲೀಟರಿಗೆ 5 ಮಿಲಿ ಲೆಕ್ಕದಲ್ಲಿ 80 ಮಿಲಿ ಬೇವಿನೆಣ್ಣೆ ಸುರಿದು, ಕೋಲಲ್ಲಿ ಎರಡು ಸುತ್ತು ತಿರುಗಿಸಿ ಬೆನ್ನಿಗೆ ಹಾಕ್ಕೊಂಡ್ರೆ ಏನಾಗುತ್ತೆ? ಮೊದಲ ಹದಿನೈದು ಲೀಟರ್ ಹೆಚ್ಚೂಕಮ್ಮಿ ಬರೀ ನೀರು. ಕೊನೇ ಒಂದು ಲೀಟರಲ್ಲಿ ಎಣ್ಣೆ ಎಲ್ಲಾ. ಲೀಟರಿಗೆ 5 ಮಿಲಿ ಬೀಳಬೇಕಾದ ಕಡೆ 60, 70, 80 ಮಿಲಿ. ಸ್ವಲ್ಪ ಕ್ಯಾನಿನ ಗೋಡೆಗೆ ಅಂಟ್ಕೊಳ್ಳುತ್ತೆ ಅಂತ ಬಿಟ್ರೂ ಹತ್ತು ಪಟ್ಟಿಗಿಂತ ಜಾಸ್ತಿ. ಎಲೆ ಸುಡದೆ ಇನ್ನೇನು ಮಾಡುತ್ತೆ? ಅಂದ್ರೆ ಆ ರೈತರು ಹೇಳಿದ್ದು ಎರಡೂ ನಿಜಾನೇ. ಹುಳ ಸಾಯ್ಲಿಲ್ಲ, ಅಲ್ಲಿ ಎಣ್ಣೆ ಬೀಳಲೇ ಇಲ್ಲ. ಗಿಡ ಸುಟ್ಟಿತು, ಎಣ್ಣೆ ಎಲ್ಲಾ ಅಲ್ಲೇ ಬಿತ್ತು. ಬೇವು ಪರೀಕ್ಷೆಗೆ ಕೂರಲೇ ಇಲ್ಲ, ಫೇಲು ಅಂತ ಊರೆಲ್ಲಾ ಡಂಗುರ.

ಎಣ್ಣೆಗೂ ನೀರಿಗೂ ಮಾತುಕತೆ ಇಲ್ಲ. ನಡುವೆ ಒಬ್ಬ ದಲ್ಲಾಳಿ ಬೇಕು. ಮಂಡಿಲಿ ನೋಡಿಲ್ವಾ, ಒಂದು ಕೈ ರೈತನ ಹೆಗಲ ಮೇಲೆ, ಇನ್ನೊಂದು ಕೈ ವ್ಯಾಪಾರಿಯ ಟವೆಲ್ ಒಳಗೆ. ಹಾಗೇ ಕೆಲವು ಪದಾರ್ಥದ ಕಣಕ್ಕೆ ಎರಡು ತುದಿ. ಒಂದು ತುದಿಗೆ ನೀರು ಅಂದ್ರೆ ಪ್ರೀತಿ, ಇನ್ನೊಂದಕ್ಕೆ ಎಣ್ಣೆ ಅಂದ್ರೆ ಪ್ರೀತಿ. ಎಣ್ಣೆ ಹನಿ ಸುತ್ತ ಇವು ಸಾಲಾಗಿ ನಿಂತು, ಎಣ್ಣೆ ಕಡೆ ತುದಿ ಒಳಗೆ, ನೀರಿನ ಕಡೆ ತುದಿ ಹೊರಗೆ ಮಾಡಿ ಹನಿಗೆ ಅಂಗಿ ತೊಡಿಸ್ತವೆ. ಆಮೇಲೆ ಎರಡು ಹನಿ ಡಿಕ್ಕಿ ಹೊಡೆದ್ರೂ ಒಂದಕ್ಕೊಂದು ಸೇರ್ಕೊಳ್ಳಲ್ಲ. ನೀರು ಹಾಲಿನ ಬಣ್ಣಕ್ಕೆ ತಿರುಗುತ್ತೆ. ಹಾಲು ಬೆಳ್ಳಗಿರೋದರಲ್ಲೂ ಇದೇ ಕಥೆ ಇದೆ, ಕೊಬ್ಬಿನ ಸಣ್ಣ ಸಣ್ಣ ಹನಿ ನೀರಲ್ಲಿ ತೇಲ್ತಾ ಇರೋದು. ಈ ದಲ್ಲಾಳಿಗೆ ಇಂಗ್ಲಿಷಿನಲ್ಲಿ ಸರ್ಫ್ಯಾಕ್ಟೆಂಟ್ ಅಂತಾರೆ, ಬೆರೆತ ಹಾಲಿಗೆ ಎಮಲ್ಶನ್ ಅಂತಾರೆ. ಕೀಟನಾಶಕದ ಬಾಟ್ಲು ಮೇಲೆ 'ಇಸಿ' ಅಂತ ಎರಡು ಅಕ್ಷರ ಇರುತ್ತಲ್ಲ, ಅದರಲ್ಲಿ 'ಇ' ಅಂದ್ರೆ ಇದೇ. ಕಂಪನಿಯವರು ದಲ್ಲಾಳಿನ ಒಳಗೇ ಕೂರಿಸಿ ಕೊಟ್ಟಿರ್ತಾರೆ, ಅದಕ್ಕೇ ನೀರಿಗೆ ಬಿಟ್ಟ ತಕ್ಷಣ ಹಾಲಾಗುತ್ತೆ. ಗಾಣದಿಂದ ತಂದ ಬೇವಿನೆಣ್ಣೆಲಿ ಆ ದಲ್ಲಾಳಿ ಇಲ್ಲ. ಅದನ್ನ ನಾವೇ ಹಾಕಬೇಕು.

ಹನಿ ಸಣ್ಣದಾದ್ರೆ ಎಷ್ಟು ಲಾಭ ಅಂತ ಲೆಕ್ಕ ಹಾಕಿ. ಒಂದು ಮಿಲಿಮೀಟರ್ ದಪ್ಪದ ಒಂದು ಎಣ್ಣೆ ಹನಿನ ಅದರ ನೂರರಲ್ಲಿ ಒಂದು ಭಾಗ ದಪ್ಪದ ಹನಿಗಳಾಗಿ ಒಡೆದ್ರೆ ಹತ್ತು ಲಕ್ಷ ಹನಿ ಆಗುತ್ತೆ. ಎಣ್ಣೆ ಅಷ್ಟೇ, ಹೊರಮೈ ನೂರು ಪಟ್ಟು. ಹೇನು, ಹಿಟ್ಟು ತಿಗಣೆ, ಬಿಳಿ ನೊಣದ ಮರಿ ಇವೆಲ್ಲಾ ಎಲೆ ಕೆಳಗೆ ಕೂತಿರೋ ಸಣ್ಣ ಜೀವ. ಅದರ ಮೈಗೆ ಎಣ್ಣೆ ತಾಗಬೇಕಂದ್ರೆ ಹತ್ತು ಲಕ್ಷ ಹನಿ ಬೇಕೋ, ಒಂದು ಹನಿ ಸಾಕೋ ನೀವೇ ಹೇಳಿ.

ಈಗ ಜಗಳಕ್ಕೆ ಬರ್ತೀನಿ. "ನಾವೂ ಸೋಪು ಹಾಕೇ ಹೊಡೆದ್ವಿ" ಅನ್ನೋರು ಇದಾರೆ. ಸೋಪು ಅಂದ್ರೆ ಎಣ್ಣೆಗೆ ಕಾಸ್ಟಿಕ್ ಸೇರಿಸಿ ಮಾಡಿದ್ದು, ಅದೂ ಗಿಡದಿಂದ ಬಂದ ದಲ್ಲಾಳಿನೇ, ಒಳ್ಳೇ ದಲ್ಲಾಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೇವಿನ ಸೋಪು, ಹೊಂಗೆ ಸೋಪು ಅಂತಲೇ ಮಾಡಿ ಕೊಟ್ಟಿದಾರೆ. ನನ್ನ ತಕರಾರು ಸೋಪಿನ ಮೇಲಲ್ಲ, ನಮ್ಮ ನೀರಿನ ಮೇಲೆ. ನಮ್ಮ ಕಡೆ ಬೋರು ಸಾವಿರ ಅಡಿ ಹೋಗಿದೆ. ಆ ನೀರಲ್ಲಿ ಸ್ನಾನ ಮಾಡಿದ್ರೆ ಸೋಪು ನೊರೆ ಬರಲ್ಲ, ಬಕೆಟ್ಟಿನ ಅಂಚಲ್ಲಿ ಬಿಳೀ ಜಿಡ್ಡು ಕಟ್ಟುತ್ತೆ, ಸೌದೆ ಹಂಡೆ ಒಳಗೆ ಸುಣ್ಣದ ಪದರ. ಆ ಬಿಳೀ ಜಿಡ್ಡು ಏನಂದ್ಕೊಂಡ್ರಿ? ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನ ಹಿಡ್ಕೊಂಡು ಕೊಂದು ಹಾಕಿದ ಹೆಣ ಅದು. ಕುಡಿಯೋ ನೀರಿನ ಬಿಐಎಸ್ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 600 ತನಕ ಅಂತಿದೆ. ನಮ್ಮ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರ ಹತ್ರ ಲೆಕ್ಕ ಹಾಕಿಸಿದೆ. 600 ಗಡಸುತನದ ನೀರು ಒಂದೊಂದು ಲೀಟರೂ ಸುಮಾರು ಮೂರೂವರೆ ಗ್ರಾಂ ಸೋಪು ನುಂಗುತ್ತೆ. 16 ಲೀಟರ್ ಕ್ಯಾನು 55 ಗ್ರಾಂ ಸೋಪನ್ನ ನುಂಗಿ ಆದಮೇಲೇ, ಮಿಕ್ಕಿದ್ದು ಎಣ್ಣೆ ಕೆಲಸಕ್ಕೆ. ನೀವು ಹಾಕಿದ್ದು ಹೆಬ್ಬೆಟ್ಟಿನಷ್ಟು ಚೂರು. ಅದು ಎಣ್ಣೆ ಮುಖ ನೋಡೋ ಮೊದಲೇ ಮುಗೀತು. ಮೇಲೆ ಆ ಜಿಡ್ಡು ಹೋಗಿ ನಾಜಲ್ ಕಟ್ಟುತ್ತೆ. ಮಳೆ ನೀರು ಹಿಡಿದಿಟ್ಟೋರು, ಸಿಹಿನೀರಿನ ಬಾವಿ ಇರೋರು ಸೋಪೇ ಬಳಸಿ, ನನ್ನ ಮಾತು ಬಿಟ್ಟಾಕಿ. ನಮ್ಮಂಥೋರಿಗೆ ಸೋಪು ದುಡ್ಡು ದಂಡ.

ಇನ್ನು ಬಟ್ಟೆ ಒಗೆಯೋ ಪುಡಿ. ಇದು ದೊಡ್ಡ ರೋಗ ಆಗೋಗಿದೆ. ಸುಳ್ಳು ಹೇಳಲ್ಲ, ಪುಡಿ ಎಣ್ಣೆನ ಚೆನ್ನಾಗೇ ಬೆರೆಸುತ್ತೆ, ಗಡಸು ನೀರಲ್ಲೂ ಬೆರೆಸುತ್ತೆ. ಅದನ್ನ ತಯಾರು ಮಾಡಿರೋದೇ ಅದಕ್ಕೆ. ಆದ್ರೆ ಅದರಲ್ಲಿ ವಾಷಿಂಗ್ ಸೋಡಾ ಇದೆ, ಉಪ್ಪಿನಂಶ ಇದೆ, ಬಟ್ಟೆ ಬೆಳ್ಳಗೆ ಕಾಣಲಿ ಅಂತ ಹಾಕಿರೋ ಹೊಳಪಿನ ಪದಾರ್ಥ ಇದೆ, ವಾಸನೆ ಇದೆ. ಬದನೆ ಎಲೆಗೆ ಹೊಳಪು ಯಾಕೆ ಸ್ವಾಮಿ? ಸೋಡಾದ ಕ್ಷಾರ ಎರಡು ಕೆಡುಕು ಮಾಡುತ್ತೆ. ಒಂದು, ಎಲೆ ಮೇಲಿನ ಮೇಣದ ಪದರ ತೊಳೆದುಹಾಕಿ ಬಿಸಿಲಿಗೆ ಬಿಡುತ್ತೆ. ಎರಡನೇದು ಇನ್ನೂ ಮುಖ್ಯ. ಬೇವಿನಲ್ಲಿ ಹುಳದ ಬಾಯಿ ಕಟ್ಟೋ, ಪೊರೆ ಬಿಡಕ್ಕೆ ಬಿಡದೇ ಇರೋ ಅಂಶ ಅಜಾಡಿರಕ್ಟಿನ್. ಬಾಟ್ಲು ಮೇಲೆ 300 ಪಿಪಿಎಂ, 1500 ಪಿಪಿಎಂ, 10000 ಪಿಪಿಎಂ ಅಂತ ಬರೆದಿರೋದು ಅದರದೇ ಲೆಕ್ಕ. ಅದಕ್ಕೆ ಬಿಸಿಲೂ ಆಗಲ್ಲ, ಕ್ಷಾರದ ನೀರೂ ಆಗಲ್ಲ, ಬೇಗ ಸತ್ವ ಕಳ್ಕೊಳ್ಳುತ್ತೆ. ಅಂದ್ರೆ ಬೇವಿನೆಣ್ಣೆಗೆ ಸೋಡಾ ಪುಡಿ ಹಾಕಿ, ಬೆಳಿಗ್ಗೆ ಕಲಸಿಟ್ಟು, ತಿಂಡಿ ತಿಂದು, ಹನ್ನೊಂದು ಗಂಟೆ ಬಿಸಿಲಲ್ಲಿ ಹೊಡೆಯೋದು ಅಂದ್ರೆ ದುಡ್ಡು ಕೊಟ್ಟು ತಂದಿದ್ದನ್ನ ಸತ್ವ ತೆಗೆದು ಹೊಡೆದ ಹಾಗೆ.

ಅದೇ ಮನೆಗೆ ಹೋಗಿ ಹೆಂಗಸರನ್ನ ಕೇಳಿ, ರೇಷ್ಮೆ ಸೀರೆನ ಈ ಪುಡಿಲಿ ಒಗೀತೀರಾ ಅಂತ. ಹೊಡೆಯಕ್ಕೆ ಬರ್ತಾರೆ. ರೇಷ್ಮೆ ಸೀರೆಗೆ ಅಂಟುವಾಳ, ಬಂಗಾರದ ಸರಕ್ಕೆ ಅಂಟುವಾಳ, ಹಬ್ಬದ ಎಣ್ಣೆಸ್ನಾನಕ್ಕೆ ಸೀಗೆಪುಡಿ. ದೀಪಾವಳಿಲಿ ತಲೆಗೆ ಮೈಗೆ ಹರಳೆಣ್ಣೆ ಹಚ್ಕೊಂಡು ಕೂತಿದ್ವಲ್ಲ, ಅಷ್ಟು ಗಟ್ಟಿ ಎಣ್ಣೆನ ಬರೀ ನೀರಲ್ಲಿ ತೊಳೆಯಕ್ಕೆ ಆಗ್ತಿತ್ತಾ? ಅಜ್ಜಿ ಸೀಗೆಪುಡಿ ಹಾಕಿ ಉಜ್ಜಿದಾಗ ಕಾಲ ಕೆಳಗೆ ಹರಿದ ನೀರು ಯಾವ ಬಣ್ಣ ಇತ್ತು ನೆನಪು ಮಾಡ್ಕೊಳ್ಳಿ. ಕಂದು ಹಾಲಿನ ಹಾಗೆ ಇತ್ತು. ಅದೇ ಎಮಲ್ಶನ್. ನಮ್ಮ ಬಚ್ಚಲಲ್ಲಿ ತಲೆಮಾರುಗಳಿಂದ ಹರಿದ ವಿದ್ಯೆನ ಹೊಲದಲ್ಲಿ ಮರೆತು, ಸೀರೆಗೆ ಆಗದ ಪುಡಿನ ಎಲೆಗೆ ಹಾಕ್ತೀವಿ.

ಅಂಟುವಾಳದ ಸಿಪ್ಪೆಲಿ, ಸೀಗೆಕಾಯಿಲಿ ಇರೋ ದಲ್ಲಾಳಿ ಹೆಸರು ಸಪೋನಿನ್. ಇದರ ಒಂದು ತುದಿಲಿ ಸಕ್ಕರೆ ಸರಪಳಿ ಇದೆ, ಸಕ್ಕರೆ ಅಂದ್ರೆ ನೀರಿಗೆ ಗೊತ್ತಲ್ಲ. ಇನ್ನೊಂದು ಕಡೆ ದಪ್ಪ ಎಣ್ಣೆಸ್ವಭಾವದ ಮೈ. ಸೋಪಿನ ಹಾಗೆ ಇದು ಗಡಸು ನೀರಿಗೆ ಹೆದರಲ್ಲ. ನಿಮ್ಮ ಬೋರಿನ ನೀರಲ್ಲೇ ನಾಲ್ಕು ಸಿಪ್ಪೆ ಕಿವುಚಿ ನೋಡಿ, ನೊರೆ ಬರುತ್ತೆ, ಬಿಳೀ ಜಿಡ್ಡು ಕಟ್ಟಲ್ಲ. ಇನ್ನೊಂದು ಗುಣ, ಇದರ ನೀರು ಕ್ಷಾರ ಅಲ್ಲ, ಸ್ವಲ್ಪ ಹುಳಿ ಕಡೆಗೆ ಇರುತ್ತೆ. ಬೇವಿಗೆ ಬೇಕಾಗಿರೋದೂ ಅದೇ. ಹೀಗೆ ಗಂಟು ಬಿದ್ದ ಜೋಡಿ ಬದುವಿನ ಮೇಲೇ ಅಕ್ಕಪಕ್ಕ ಬೆಳೆದಿರೋವಾಗ ನಾವು ಅಂಗಡಿ ಕಟ್ಟೆ ಹತ್ತಿದೀವಿ.

ಅಂಗಡಿಲಿ ಏನು ಸಿಗುತ್ತೆ? ಒಂದು ಸಣ್ಣ ಬಾಟ್ಲು, ಮೇಲೆ ಹಸಿರೆಲೆ ಚಿತ್ರ, 'ಸ್ಪ್ರೆಡರ್' ಅಂತ ಹೆಸರು. ನಾನು ಹೋದ ಅಂಗಡಿಲಿ ಇದರೊಳಗೆ ಏನಿದೆ ಅಂತ ಕೇಳಿದ್ದಕ್ಕೆ "ಎಲ್ಲದಕ್ಕೂ ಆಗುತ್ತೆ ಹಾಕಿ" ಅಂದ್ರು. ಏನಿದೆ ಅಂದ್ರೆ ಎಲ್ಲದಕ್ಕೂ ಆಗುತ್ತೆ ಅನ್ನೋದು ಉತ್ತರಾನಾ? ಮೂರು ಕೆಲಸ ಬೇರೆ ಬೇರೆ, ತಲೇಲಿ ಇಟ್ಕೊಳ್ಳಿ. ಎಣ್ಣೆನ ನೀರಿಗೆ ಬೆರೆಸೋದು ಒಂದು. ಬಿದ್ದ ಹನಿನ ಎಲೆ ಮೇಲೆ ಹರಡಿಸೋದು ಇನ್ನೊಂದು. ಮಳೆಗೆ ತೊಳೆದು ಹೋಗದ ಹಾಗೆ ಅಂಟಿಸೋದು ಮತ್ತೊಂದು. ಸಿಲಿಕಾನ್ ಸ್ಪ್ರೆಡರ್‌ಗಳು ಹರಡೋ ಕೆಲಸದಲ್ಲಿ ಜೋರು, ಕೋಸಿನ ಎಲೆ ಮೇಲೆ ಮುತ್ತಿನ ಹಾಗೆ ನಿಲ್ಲೋ ಹನಿನೂ ಚಪ್ಪಟೆ ಮಾಡ್ತವೆ. ಆದ್ರೆ ಹರಡಿಸೋದಕ್ಕೆ ಅಂತ ಮಾಡಿದ್ದು ಎಣ್ಣೆನ ಹಿಡಿದು ನಿಲ್ಲಿಸುತ್ತೆ ಅಂತ ಏನೂ ಇಲ್ಲ. ಎಣ್ಣೆ ಬೇರೆ ತೇಲ್ತಾ ಇದ್ರೆ ಬರೀ ನೀರನ್ನ ಚೆನ್ನಾಗಿ ಹರಡಿದ ಪುಣ್ಯ ಅಷ್ಟೇ. ಬಾಟ್ಲು ತರೋರು ಹಿಂದಿನ ಸಣ್ಣ ಅಕ್ಷರದಲ್ಲಿ ಎಮಲ್ಸಿಫೈಯರ್ ಅಂತ ಇದೆಯಾ ಓದಿಸ್ಕೊಳ್ಳಿ. ಕಣ್ಣು ಕಾಣದಿದ್ರೆ ಮೊಬೈಲಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿ.

ಮಲೆನಾಡಿನೋರ ಮಾತು ಇಲ್ಲಿ ಹೇಳಲೇಬೇಕು. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋ ಪದ್ಧತಿನ ಮೈಸೂರು ಸಂಸ್ಥಾನದಲ್ಲಿ ನೂರು ವರ್ಷದ ಹಿಂದೇ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಸಾಹೇಬರು ಬೆಳೆಸಿದ್ರು. ಅದಕ್ಕೆ ರಾಳನ ಸೋಡಾ ಜೊತೆ ಕಾಯಿಸಿ ಸೇರಿಸೋ ರೂಢಿ ಇದೆ. ರಾಳವೂ ಮರದ್ದೇ, ಸೋಡಾ ಸೇರಿದ್ರೆ ಸೋಪಿನ ಜಾತಿನೇ. ಬೋರ್ಡೋದ ಸುಣ್ಣ ಆ ಸೋಪನ್ನ ಹಿಡಿದು ಕರಗದ ಜಿಡ್ಡು ಮಾಡುತ್ತೆ. ನಮ್ಮ ಕ್ಯಾನಲ್ಲಿ ಯಾವುದು ಶನಿಯೋ ಅಲ್ಲಿ ಅದೇ ಗುರು, ಆ ಜಿಡ್ಡೇ ತಾಮ್ರನ ಗೊನೆಗೆ ಅಂಟಿಸಿ ಮಳೆಗಾಲ ಎಲ್ಲಾ ಹಿಡಿದಿಡೋದು. ಅದಕ್ಕೇ ಹೇಳೋದು, ಒಬ್ಬರ ಊರಿನ ಪದ್ಧತಿನ ಯೂಟ್ಯೂಬಲ್ಲಿ ನೋಡಿ ಇನ್ನೊಂದು ಊರಿನ ನೀರಿಗೆ, ಇನ್ನೊಂದು ಔಷಧಿಗೆ ಹಾಕಬೇಡಿ ಅಂತ.

ನಾನು ಮಾಡೋ ರೀತಿ ಹೇಳ್ತೀನಿ. ಒಣಗಿದ ಅಂಟುವಾಳ ಒಡೆದು ಬೀಜ ತೆಗೀತೀನಿ. ಸತ್ವ ಇರೋದು ಸಿಪ್ಪೆಲಿ, ಕರಿ ಬೀಜ ಮಕ್ಕಳ ಆಟಕ್ಕೆ. 100 ಗ್ರಾಂ ಸಿಪ್ಪೆಗೆ ಒಂದು ಲೀಟರ್ ಬೆಚ್ಚನೆ ನೀರು, ರಾತ್ರಿ ನೆನೆಸಿ ಬೆಳಿಗ್ಗೆ ಚೆನ್ನಾಗಿ ಕಿವುಚಿ ಹಳೇ ಪಂಚೆಲಿ ಎರಡು ಸಲ ಸೋಸೋದು. ಇದು ಎರಡು ಕ್ಯಾನಿಗೆ ಆಗುತ್ತೆ, ಕ್ಯಾನಿಗೆ ಅರ್ಧ ಲೀಟರ್. ಕಣ್ಣಿಗೆ ಹಾರಿಸ್ಕೋಬೇಡಿ, ಭಾರೀ ಉರಿ. ಸಿಪ್ಪೆ ಪುಡಿ ಮಾಡೋರು ಮೂಗಿಗೆ ಬಟ್ಟೆ ಕಟ್ಕೊಳ್ಳಿ, ಸೀನಿ ಸೀನಿ ಸಾಕಾಗುತ್ತೆ. ಸೀಗೆಕಾಯಿಲೂ ಆಗುತ್ತೆ, ಆದ್ರೆ ಪುಡಿ ಸರಿಯಾಗಿ ಸೋಸದಿದ್ರೆ ನಾಜಲ್ ಕಟ್ಟುತ್ತೆ, ನನಗೆ ಅಂಟುವಾಳವೇ ವಾಸಿ.

ಬೆರೆಸೋ ಕ್ರಮದಲ್ಲೇ ಎಲ್ಲಾ ಇರೋದು. ಕ್ಯಾನು ತುಂಬ ನೀರು ತುಂಬಿ, ಮೇಲೆ ಎಣ್ಣೆ ಸುರಿದು, ಅದರ ಮೇಲೆ ಅಂಟುವಾಳದ ನೀರು ಹಾಕಿದ್ರೆ ಕೆಲಸ ಕೆಟ್ಟಿತು. ದಲ್ಲಾಳಿ 16 ಲೀಟರ್ ಸಂತೆಲಿ ಎಣ್ಣೆನ ಹುಡುಕ್ತಾ ಇರ್ತಾನೆ. ಮೊದಲು ಒಂದು ಎರಡು ಲೀಟರಿನ ಬಾಟ್ಲಿಗೆ ಅರ್ಧ ಲೀಟರ್ ಅಂಟುವಾಳದ ನೀರು ಹಾಕಿ. ಅದಕ್ಕೆ 80 ಮಿಲಿ ಎಣ್ಣೆನ ಸ್ವಲ್ಪ ಸ್ವಲ್ಪ ಬಿಡ್ತಾ, ಒಂದೊಂದು ಸಲಕ್ಕೂ ಮುಚ್ಚಳ ಹಾಕಿ ಗಟ್ಟಿಯಾಗಿ ಕುಲುಕ್ತಾ ಹೋಗಿ. ಹಳದಿ ಗಟ್ಟಿ ಹಾಲಿನ ಹಾಗೆ ಆಗಬೇಕು, ಎಣ್ಣೆ ಕಣ್ಣು ಒಂದೂ ಕಾಣಬಾರದು. ಆಮೇಲೆ ಅರ್ಧ ಲೀಟರ್ ನೀರು ಸೇರಿಸಿ ಮತ್ತೆ ಕುಲುಕಿ. ಆಮೇಲೆ ಕ್ಯಾನಿಗೆ. ಧನುರ್ಮಾಸದ ಚಳಿಲಿ ಬೇವಿನೆಣ್ಣೆ ತುಪ್ಪದ ಹಾಗೆ ಗಟ್ಟಿಯಾಗುತ್ತೆ. ಬಾಟ್ಲು ಬಿಸಿಲಿಗಿಟ್ಟು ಕರಗಿಸಿ ತಗೊಳ್ಳಿ, ಒಲೆ ಮೇಲಿಡಬೇಡಿ.

ಇಲ್ಲಿ ನೊರೆ ನೋಡಿ ಮರುಳಾಗೋರು ಬಹಳ. "ನೊರೆ ಚೆನ್ನಾಗಿ ಬಂತು, ಆಯ್ತು" ಅಂತಾರೆ. ನೊರೆ ಅಂದ್ರೆ ಗಾಳಿಗೂ ನೀರಿಗೂ ಆದ ವ್ಯವಹಾರ, ಎಣ್ಣೆಗೂ ನೀರಿಗೂ ಆದದ್ದಲ್ಲ. ಬೆಟ್ಟದಷ್ಟು ನೊರೆ ಕೆಳಗೆ ಎಣ್ಣೆ ಹಾಯಾಗಿ ತೇಲ್ತಾ ಇರಬಹುದು. ಒಂದು ರೂಪಾಯಿ ಶಾಂಪೂ ಪೊಟ್ಟಣ ಹಾಕೋರ ಕಥೆನೂ ಇದೇ. ಕೂದಲಿನ ಜಿಡ್ಡು ತೆಗೆಯಕ್ಕೆ ಮಾಡಿದ ವಸ್ತು, ಒಂದು ಪೊಟ್ಟಣದಲ್ಲಿ ಇರೋದು ಎಷ್ಟು, ನಿಮ್ಮ ಎಣ್ಣೆ ಎಷ್ಟು? ಕಣ್ಣು ನೊರೆ ಮೇಲಿಂದ ತೆಗೆದು ಕೆಳಗಿನ ನೀರಿನ ಮೇಲಿಡಿ.

ಪರೀಕ್ಷೆಗೆ ಲ್ಯಾಬು ಬೇಡ. ಬಿಳೀ ಗಾಜಿನ ಬಾಟ್ಲು ಮೂರು ತಗೊಳ್ಳಿ, ಮೂರಕ್ಕೂ ನಿಮ್ಮದೇ ಬೋರಿನ ನೀರು. ಒಂದಕ್ಕೆ ಬರೀ ಎಣ್ಣೆ, ಒಂದಕ್ಕೆ ಸೋಪು ಕರಗಿಸಿ ಎಣ್ಣೆ, ಒಂದಕ್ಕೆ ಅಂಟುವಾಳ ಹಾಕಿ ಎಣ್ಣೆ. ಒಂದೇ ಸಮ ಕುಲುಕಿ ಜಗಲಿ ಮೇಲಿಟ್ಟು ಒಂದು ಲೋಟ ಕಾಫಿ ಕುಡಿದು ಬನ್ನಿ. ನಮ್ಮ ನೀರಲ್ಲಿ ಮೊದಲನೇದು ಕಾಫಿ ಆರೋ ಮೊದಲೇ ಬೇರೆ ಆಗಿತ್ತು. ಸೋಪಿನ ಬಾಟ್ಲಲ್ಲಿ ಮೊಸರು ಒಡೆದ ಹಾಗೆ ಬಿಳೀ ಚೂರು, ಮೇಲೆ ಎಣ್ಣೆ ಉಂಗುರ. ಅಂಟುವಾಳದ್ದು ಹಾಲಾಗೇ ನಿಂತಿತ್ತು. ಒಂದು ಗಂಟೆ ಬಿಟ್ಟು ನೋಡಿದ್ರೆ ಅದರಲ್ಲೂ ಮೇಲ್ಗಡೆ ದಪ್ಪ, ಕೆಳಗೆ ತೆಳು ಆಗಿತ್ತು. ನಮ್ಮ ಹುಡುಗ "ಅಪ್ಪಾ, ಇದೂ ಕೆಟ್ಟೋಯ್ತು" ಅಂದ. ಕೆಟ್ಟಿಲ್ಲ ಕಣೋ ಅಂದೆ.

ಇದನ್ನ ಹಸು ಕಟ್ಟಿದೋರಿಗೆ ಹೇಳ್ಕೊಡಬೇಕಾಗಿಲ್ಲ. ಕೆನೆ ಕಟ್ಟೋದು ಬೇರೆ, ಬೆಣ್ಣೆ ಬರೋದು ಬೇರೆ. ಹಸಿ ಹಾಲು ಇಟ್ರೆ ಕೆನೆ ಮೇಲೆ ಬರುತ್ತೆ, ಕೋಲಾಡಿಸಿದ್ರೆ ಮತ್ತೆ ಹಾಲಲ್ಲಿ ಸೇರುತ್ತೆ. ಯಾಕಂದ್ರೆ ಹನಿಗಳು ಮೇಲೆ ಗುಂಪಾದ್ರೂ ಅವುಗಳ ಅಂಗಿ ಹರಿದಿಲ್ಲ. ಕಡೆದು ಬೆಣ್ಣೆ ಬಂದ್ಮೇಲೆ ಅದನ್ನ ಮತ್ತೆ ಮಜ್ಜಿಗೆಗೆ ಬೆರೆಸಕ್ಕೆ ಯಾರಪ್ಪನ ಕೈಲೂ ಆಗಲ್ಲ, ಅಂಗಿ ಹರಿದು ಹನಿಗಳು ಒಂದಾಗಿವೆ. ಅಂಟುವಾಳದ ಬಾಟ್ಲು ಕೆನೆ ಕಟ್ಟಿದ್ರೆ ಕುಲುಕಿ, ಸರಿಹೋಗುತ್ತೆ. ಕುಲುಕಿದ ಮೇಲೂ ಎರಡು ನಿಮಿಷದಲ್ಲಿ ಎಣ್ಣೆ ಕಣ್ಣು ಮೇಲೆ ಕಂಡ್ರೆ ಅದು ಬೆಣ್ಣೆ ಬಂದ ಹಾಗೆ, ಅದನ್ನ ಗಿಡಕ್ಕೆ ಹೊಡೆಯಬೇಡಿ. ಅದಕ್ಕೇ ಹೊಡೆಯೋವಾಗ ಸಾಲಿನ ಕೊನೆಲಿ ತಿರುಗೋವಾಗೆಲ್ಲಾ ಬೆನ್ನು ಒಂದು ಸಲ ಜೋರಾಗಿ ಕುಲುಕಿ, ಯಾರಾದ್ರೂ ನೋಡಿ ನಕ್ಕರೆ ನಗಲಿ. ಕಲಸಿದ್ದನ್ನ ಅವತ್ತೇ ಮುಗಿಸಿ. ಅಂಟುವಾಳದ ನೀರು ನಾಳೆಗಿಟ್ರೆ ಹುಳಿ ಬಂದು ನಾರುತ್ತೆ.

ಇಷ್ಟು ಹೇಳಿದ ತಕ್ಷಣ ಇನ್ನೊಂದು ಪಾರ್ಟಿ ಎದ್ದು ನಿಲ್ಲುತ್ತೆ. "ಅಂಟುವಾಳ ಹೊಡೆದ್ರೆ ಸಾಕು, ಎಲ್ಲಾ ಹುಳಾನೂ ಹೋಗುತ್ತೆ, ನೈಸರ್ಗಿಕ, ಯಾವ ತೊಂದರೆನೂ ಇಲ್ಲ" ಅಂತ ಭಾಷಣ ಮಾಡೋರು. ಇವರೂ ರೈತನಿಗೆ ಅಂಗಡಿಯೋರಷ್ಟೇ ಅನ್ಯಾಯ ಮಾಡ್ತಾ ಇದಾರೆ. ಇಲ್ಲಿ ಅಂಟುವಾಳದ ಕೆಲಸ ದಲ್ಲಾಳಿ ಕೆಲಸ. ಕಾಯಿ ಒಳಗೆ ಹೊಕ್ಕ ಬದನೆ ಹುಳಕ್ಕೆ ಅದೂ ಮುಟ್ಟಲ್ಲ, ಅದು ಹೊತ್ತ ಬೇವೂ ಮುಟ್ಟಲ್ಲ. ಬೇವಿನೆಣ್ಣೆ ಕೂಡ ಸಂಜೆ ಹೊಡೆದು ಬೆಳಿಗ್ಗೆ ಹೆಣ ಎಣಿಸೋ ಔಷಧಿ ಅಲ್ಲ. ತಿನ್ನೋದು ನಿಲ್ಲಿಸುತ್ತೆ, ಮರಿ ಬೆಳೆಯೋದು ನಿಲ್ಲಿಸುತ್ತೆ. ಐದಾರು ದಿನ ತಡ್ಕೊಳ್ಳೋ ತಾಳ್ಮೆ ಬೇಕು, ಹುಳ ಕಮ್ಮಿ ಇರೋವಾಗಲೇ ಶುರು ಮಾಡೋ ಬುದ್ಧಿ ಬೇಕು.

ತೊಂದರೆ ಇಲ್ಲ ಅನ್ನೋದಂತೂ ಶುದ್ಧ ಸುಳ್ಳು. ಸಪೋನಿನ್ ಮೀನಿಗೆ ವಿಷ. ಇಂಥ ನೊರೆ ಬರೋ ಕಾಯಿ, ಬೇರು ಜಜ್ಜಿ ಹಳ್ಳದ ಮಡುಗೆ ಹಾಕಿ ಮೀನು ಹಿಡೀತಿದ್ದ ರೂಢಿ ಎಷ್ಟೋ ಕಡೆ ಇತ್ತು. ಮೀನಿನ ಕಿವಿರಿಗೇ ಅದು ಪೆಟ್ಟು ಕೊಡೋದು. ಹಾಗಾಗಿ ಕೃಷಿ ಹೊಂಡಕ್ಕೆ ಮೀನು ಬಿಟ್ಟೋರು, ಕೆರೆ ಕೋಡಿಲಿ ಕ್ಯಾನು ತೊಳೆಯೋರು, ದಯವಿಟ್ಟು ಅಲ್ಲಿ ತೊಳೆಯಬೇಡಿ. ಸಿಪ್ಪೆ ಚರಟ ತಿಪ್ಪೆಗೆ ಹಾಕಿ. ಇನ್ನೊಂದು, ಪಕ್ಕದ ಹೊಲದಲ್ಲಿ ಹಿಪ್ಪುನೇರಳೆ ಇದ್ರೆ ಬೇವಿನೆಣ್ಣೆ ಹೊಡೆಯೋ ಮೊದಲು ಆ ಮನೆಯೋರಿಗೆ ಹೇಳಿ. ಗಾಳಿಗೆ ತೂರಿ ಸೊಪ್ಪಿನ ಮೇಲೆ ಬಿದ್ರೆ ರೇಷ್ಮೆ ಹುಳನೂ ಹುಳನೇ, ಬೇವು ಅದಕ್ಕೂ ಬಾಯಿ ಕಟ್ಟುತ್ತೆ. ಒಂದು ಚಾಕಿ ಹೋದ್ರೆ ನಿಮ್ಮ ಬದನೆ ದುಡ್ಡಲ್ಲಿ ತೀರಿಸಕ್ಕೆ ಆಗಲ್ಲ.

ಒಂದೇ ಕ್ಯಾನಿಗೆ ಎಲ್ಲಾ ಸುರಿಯೋ ಚಟಾನೂ ಬಿಡಿ. ಕೂಲಿ ಉಳೀತು ಅಂತ ಬೇವಿನೆಣ್ಣೆ, ಲಘು ಪೋಷಕಾಂಶ, 19:19:19, ಮೇಲೆ ತಾಮ್ರದ ಪುಡಿ ಎಲ್ಲಾ ಒಟ್ಟಿಗೆ. ಉಪ್ಪಿನಂಶ ಜಾಸ್ತಿ ಆದಷ್ಟೂ ಹಾಲು ನಿಲ್ಲೋದು ಕಷ್ಟ, ಸೋಪು ಇದ್ರಂತೂ ತಾಮ್ರ ಬಿದ್ದ ಕೂಡಲೇ ಮೊಸರಾಗುತ್ತೆ. ಬೂದಿ ರೋಗಕ್ಕೆ ಗಂಧಕ ಹೊಡೆದಿದ್ರೆ ಎರಡು ವಾರ ಎಣ್ಣೆ ಹತ್ರ ಹೋಗಬೇಡಿ. ಗಂಧಕ, ಎಣ್ಣೆ ಎರಡೂ ಎಲೆ ಮೇಲೆ ಸೇರಿದ್ರೆ ಸುಡೋದು ಗ್ಯಾರಂಟಿ, ಆಗ ಅಂಟುವಾಳ ಏನೂ ಮಾಡಕ್ಕಾಗಲ್ಲ.

ಈ ಬರಹದ ಮೊದಲ ಭಾಗ ವಾಟ್ಸಾಪಲ್ಲಿ ಹಾಕಿದಾಗ ಒಬ್ಬ ಹುಡುಗ ಬರೆದ, "ಮಾವ, ರಾತ್ರಿ ನೆನೆಸಿ, ಕಿವುಚಿ, ಸೋಸಿ, ಬಾಟ್ಲು ಕುಲುಕಿ ಇದೆಲ್ಲಾ ಮಾಡಕ್ಕೆ ಯಾರಿಗೆ ಪುರುಸೊತ್ತು" ಅಂತ. ಅಪ್ಪಾ, ನಿನ್ನ ಮಾತು ತೆಗೆದುಹಾಕಲ್ಲ. ಎರಡು ಎಕರೆ ಮೆಣಸಿನಕಾಯಿ ಇರೋನು ಇಪ್ಪತ್ತು ಕ್ಯಾನಿಗೆ ಬಾಟ್ಲು ಕುಲುಕಕ್ಕೆ ಆಗಲ್ಲ. ಅವನು ಎಮಲ್ಸಿಫೈಯರ್ ಸೇರಿಸಿರೋ ಬೇವಿನ ಔಷಧಿನೇ ತರಲಿ, ಪಿಪಿಎಂ ಓದಿ, ತಾರೀಖು ನೋಡಿ, ಬಿಲ್ಲು ಕೇಳಿ ತರಲಿ. ನಾನು ಹೇಳ್ತಿರೋದು ಹತ್ತು ಗುಂಟೆ, ಇಪ್ಪತ್ತು ಗುಂಟೆ ತರಕಾರಿಯೋರಿಗೆ, ಮನೆ ಹಿತ್ತಲಿನೋರಿಗೆ, ಗಾಣದ ಎಣ್ಣೆ ತಂದು ಹೊಡೆಯೋರಿಗೆ. ಅವರಿಗೆ ಇದು ರಾತ್ರಿ ಎರಡು ನಿಮಿಷ, ಬೆಳಿಗ್ಗೆ ಹದಿನೈದು ನಿಮಿಷದ ಕೆಲಸ. ಆ ಹದಿನೈದು ನಿಮಿಷ ಉಳಿಸಕ್ಕೆ ಹೋಗಿ ಕ್ಯಾನಿಗೆ ಆರೇಳು ಗಿಡ ಸುಟ್ಕೊಂಡು, ಹುಳ ಉಳಿಸ್ಕೊಂಡು, ಆಮೇಲೆ ಎರಡು ಸಲ ವಿಷ ಹೊಡೆದು, ಮೂರನೇ ದಿನಕ್ಕೆ ಅದೇ ಬದನೆಕಾಯಿ ಕಿತ್ತು ಸಂತೆಗೆ ಒಯ್ಯೋರನ್ನ ನೋಡ್ತಾ ಇದೀನಿ. ಆ ಕಾಯಿ ತಿನ್ನೋರು ಯಾರು? ನಮ್ಮದೇ ತಾಲ್ಲೂಕಿನ ಜನ, ನಮ್ಮ ನೆಂಟರು. ಇದರ ಬಗ್ಗೆ ಹೇಳಕ್ಕೆ ಹೋದ್ರೆ "ಬೇವಿನೆಣ್ಣೆ ಕೆಲಸ ಮಾಡಿದ್ರೆ ನಾವ್ಯಾಕೆ ವಿಷ ಹೊಡೀತಿದ್ವಿ" ಅಂತಾರೆ. ಅದಕ್ಕೇ ನನಗೆ ಸಿಟ್ಟು.

ಹೊಸಬರು ಮೊದಲ ಸಲ ನಾಲ್ಕು ಗಿಡಕ್ಕೆ ಮಾತ್ರ ಸಂಜೆ ನಾಲ್ಕರ ಮೇಲೆ ಹೊಡೆದು ಎರಡು ದಿನ ಬಿಟ್ಟು ನೋಡಿ, ಎಲೆ ಅಂಚು ಸುಡದಿದ್ರೆ ಮುಂದುವರೀರಿ. ಎಳೇ ಸಸಿಗೆ, ಬಾಡಿರೋ ಗಿಡಕ್ಕೆ ಬೇಡ. ಎಲೆ ಕೆಳಗೆ ಹೊಡೀರಿ, ಹುಳ ಇರೋದು ಅಲ್ಲಿ.

ನಮ್ಮ ಬದುವಲ್ಲಿ ಎರಡು ಅಂಟುವಾಳದ ಮರ ಇವೆ, ಈ ಸಲ ಕಾಯಿ ಚೆನ್ನಾಗಿ ಬಿಟ್ಟಿದೆ. ಬಿದ್ದಿದ್ದನ್ನ ಆರಿಸಿ ಒಣಗಿಸಿಟ್ಟಿದೀನಿ. ಪರೀಕ್ಷೆಗೆ ಬೇಕಾದೋರು ಬಂದು ಒಂದು ಸೇರು ತಗೊಂಡು ಹೋಗಿ, ದುಡ್ಡು ಬೇಡ. ಬರೋವಾಗ ನಿಮ್ಮ ಬೋರಿನ ನೀರು ಒಂದು ಬಾಟ್ಲು ತನ್ನಿ, ಜಗಲಿ ಮೇಲೇ ಕುಲುಕಿ ನೋಡೋಣ.